‘ಚಾಲೆಂಜರ್’ ಹಡಗು ಮತ್ತು ಅದರ ಲೆಕ್ಕದ ಪುಸ್ತಕಗಳು

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವು ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಜೋಡಿಸುತ್ತಿದ್ದಾಗ, ದಾರೂಖಾನೆಯಲ್ಲಿ ಹಡಗು ಒಡೆಯುವ ಕೆಲಸಕ್ಕಿರುವ ನಮ್ಮ ವಾಚಕರೊಬ್ಬರು ಬಂದು ಬೆಂಚಿನ ಮೇಲೆ ಕುಳಿತರು. ಅಂಗೈಯಲ್ಲಿ ಇನ್ನೂ ತುಕ್ಕಿನ ಕೆಂಪು ಇತ್ತು. ಪತ್ರಿಕೆಯ ಚಿತ್ರವೊಂದನ್ನು ನೋಡುತ್ತ ನೋಡುತ್ತ ಅವರು ಕೇಳಿದರು: “ಅಣ್ಣಾ, ನಾವು ಹಡಗು ಒಡೆದ ಮೇಲೆ ಕಬ್ಬಿಣ ಒಂದು ಲಾರಿಗೆ ಹೋಗುತ್ತದೆ, ತಾಮ್ರ ಇನ್ನೊಂದಕ್ಕೆ, ಮರ ಮತ್ತೊಂದಕ್ಕೆ. ಅಷ್ಟು ವರ್ಷ ಅದು ಸಮುದ್ರದಲ್ಲಿ ಮಾಡಿದ ಕೆಲಸ ಎಲ್ಲಿಗೆ ಹೋಗುತ್ತದೆ?”

ಸರಕು ಹೊರುವ ಹಡಗಾದರೆ ಉತ್ತರ ಸುಲಭ. ಸರಕು ಮುಟ್ಟಿತು, ಬಾಡಿಗೆ ಬಂತು, ಲೆಕ್ಕ ಮುಗಿಯಿತು. ಆದರೆ ಸರಕನ್ನೂ ಹೊರದೆ, ಪ್ರಯಾಣಿಕರನ್ನೂ ಕೊಂಡೊಯ್ಯದೆ, ಸಮುದ್ರವನ್ನು ಅಳೆಯುವುದೇ ಕೆಲಸವಾಗಿರುವ ಒಂದು ಜಾತಿಯ ಹಡಗುಗಳಿವೆ. ಅವನ್ನು ಸರಕಾರಗಳು ತಮ್ಮ ಖರ್ಚಿನಲ್ಲಿ ಇಟ್ಟುಕೊಳ್ಳುತ್ತವೆ. ಇಂಥವುಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದದ್ದು ಇಂಗ್ಲೆಂಡಿನ ನೌಕಾಪಡೆಗೆ ಸೇರಿದ ‘ಚಾಲೆಂಜರ್’. ಆ ಹಡಗನ್ನು ಒಡೆದು ನೂರು ವರ್ಷ ದಾಟಿತು. ನಮ್ಮ ವಾಚಕರ ಪ್ರಶ್ನೆಗೆ ಅದರ ಕಥೆಯೇ ಉತ್ತರವೆಂದು ತೋರಿದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ಬರೆಯುತ್ತಿದ್ದೇವೆ.

‘ಚಾಲೆಂಜರ್’ ಹುಟ್ಟಿದ್ದು ಶಾಸ್ತ್ರಕ್ಕಾಗಿ ಅಲ್ಲ. 1858ನೆಯ ಇಸವಿ ಫೆಬ್ರವರಿಯಲ್ಲಿ ಲಂಡನ್ನಿನ ಬಳಿಯ ವೂಲಿಚ್ ಹಡಗುಕಟ್ಟೆಯಿಂದ ನೀರಿಗಿಳಿದಾಗ ಅದೊಂದು ಯುದ್ಧನೌಕೆ. ಮರದ ಒಡಲು, ಮೂರು ಪಟಸ್ತಂಭ, ಹೊಟ್ಟೆಯಲ್ಲಿ ಉಗಿಯಂತ್ರ. ಉದ್ದ ಸುಮಾರು 200 ಅಡಿ, ಭಾರ 2,306 ಟನ್. ಗಾಳಿ ಬೀಸಿದಾಗ ಹಾಯಿ, ಬೀಸದಿದ್ದಾಗ ಕಲ್ಲಿದ್ದಲು. 1862ರಲ್ಲಿ ಮೆಕ್ಸಿಕೋದ ವೇರಾಕ್ರೂಜ್ ಬಂದರನ್ನು ಹಿಡಿಯುವ ಕಾರ್ಯದಲ್ಲಿ ಅದು ಭಾಗವಹಿಸಿತು. 1868ರಲ್ಲಿ, ಪಾದ್ರಿಯೊಬ್ಬನ ಕೊಲೆಗೆ ಪ್ರತಿಯಾಗಿ ಫಿಜಿ ದ್ವೀಪದವರನ್ನು ದಂಡಿಸಲು ಹೋಯಿತು. ಅದರ ಪೂರ್ವಾಶ್ರಮ ಇಷ್ಟೇ. ಹೆಚ್ಚು ಹೇಳಿಕೊಳ್ಳುವಂಥದ್ದೇನೂ ಅಲ್ಲ.

ಅಂಥ ಹಡಗನ್ನು ಸಮುದ್ರದ ತಳ ನೋಡಲು ಕಳಿಸುವ ಬುದ್ಧಿ ಹೇಗೆ ಬಂತು? ವಿದ್ಯೆಯ ಮೇಲಿನ ಪ್ರೀತಿಯೊಂದೇ ಕಾರಣವೆಂದರೆ ಪೂರ್ತಿ ನಿಜವಾಗದು. ಆ ಕಾಲದಲ್ಲಿ ಇಂಗ್ಲೆಂಡಿನವರು ಸಮುದ್ರದ ತಳದಲ್ಲಿ ತಂತಿಯ ಕೇಬಲ್ ಹಾಸಲು ತೊಡಗಿದ್ದರು. 1866ರಲ್ಲಿ ಅಟ್ಲಾಂಟಿಕ್ ಕೇಬಲ್ ಗಟ್ಟಿಯಾಗಿ ನಿಂತಿತು. 1870ರಲ್ಲಿ ಸುಯೆಜ್, ಏಡನ್ ಮಾರ್ಗವಾಗಿ ಕೇಬಲ್ ಬಂದು ನಮ್ಮ ಈ ಮುಂಬಯಿಯನ್ನೇ ಮುಟ್ಟಿತು. ಹತ್ತಿಯ ಧಾರಣೆ ಹಡಗಿನ ಮೇಲೆ ವಾರಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದುದು ಹೋಗಿ, ತಂತಿಯಲ್ಲಿ ಬರತೊಡಗಿತು. ಕೇಬಲ್ ಹಾಸಬೇಕಾದರೆ ತಳ ಎಷ್ಟು ಆಳ, ಅಲ್ಲಿರುವುದು ಕೆಸರೋ ಬಂಡೆಯೋ, ನೀರು ಎಷ್ಟು ತಣ್ಣಗಿದೆ ಎಂಬುದೆಲ್ಲ ತಿಳಿದಿರಬೇಕು. ತಿಳಿದವರು ಯಾರೂ ಇರಲಿಲ್ಲ.

ಇದರ ಜತೆಗೆ ಪಂಡಿತರಲ್ಲಿ ಒಂದು ವಾದವೂ ನಡೆದಿತ್ತು. ಸುಮಾರು 300 ಮಾರು ಆಳಕ್ಕಿಂತ ಕೆಳಗೆ ಯಾವ ಪ್ರಾಣಿಯೂ ಬದುಕಲಾರದು, ಅಲ್ಲಿ ಕತ್ತಲೆ, ಚಳಿ, ನೀರಿನ ಭಾರ ಎಂದು ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸರು ಹೇಳಿದ್ದರು. ಬಹಳ ಜನ ಅದನ್ನು ನಂಬಿದ್ದರು. ಆದರೆ 1860ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕೆಟ್ಟುಹೋದ ಕೇಬಲ್ಲೊಂದನ್ನು ರಿಪೇರಿಗಾಗಿ ಮೇಲೆತ್ತಿದಾಗ, ಸಾವಿರ ಮಾರಿಗೂ ಮಿಕ್ಕಿದ ಆಳದಲ್ಲಿದ್ದ ತುಂಡಿಗೆ ಪ್ರಾಣಿಗಳು ಅಂಟಿಕೊಂಡು ಬೆಳೆದಿದ್ದುವು! ದೊಡ್ಡ ಸಿದ್ಧಾಂತವೊಂದು ರಿಪೇರಿಯವರ ಕೈಯಲ್ಲಿ ಬಿರುಕುಬಿಟ್ಟದ್ದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ. ಮುಂದೆ ‘ಲೈಟ್ನಿಂಗ್’, ‘ಪೋರ್ಕುಪೈನ್’ ಎಂಬ ಎರಡು ಚಿಕ್ಕ ಹಡಗುಗಳಲ್ಲಿ ಪರೀಕ್ಷೆಗಳು ನಡೆದುವು. ಆಮೇಲೆ ಕಾರ್ಪೆಂಟರ್, ವೈವಿಲ್ ಥಾಮ್ಸನ್ ಎಂಬ ಪ್ರಾಧ್ಯಾಪಕರು ರಾಯಲ್ ಸೊಸೈಟಿಯ ಮೂಲಕ ಸರಕಾರವನ್ನು ಒಪ್ಪಿಸಿದರು. ‘ಚಾಲೆಂಜರ್’ ಅವರ ಕೈಗೆ ಬಂತು.

ಹದಿನೇಳು ಫಿರಂಗಿಗಳಲ್ಲಿ ಎರಡನ್ನುಳಿದು ಮಿಕ್ಕವನ್ನೆಲ್ಲ ಇಳಿಸಿದರು. ಫಿರಂಗಿಗಳಿದ್ದ ಜಾಗದಲ್ಲಿ ಎರಡು ಪ್ರಯೋಗಶಾಲೆಗಳು ಬಂದುವು, ಒಂದು ಪ್ರಾಣಿಗಳಿಗೆ, ಒಂದು ರಸಾಯನಕ್ಕೆ. ಮದ್ದುಗುಂಡಿನ ಬದಲು ಗಾಜಿನ ಸೀಸೆಗಳು, ಮದ್ಯಸಾರದ ಪೀಪಾಯಿಗಳು, ಮೈಲುಗಟ್ಟಲೆ ಸೆಣಬಿನ ಹಗ್ಗ. ವೈವಿಲ್ ಥಾಮ್ಸನ್ ಮುಖ್ಯಸ್ಥರು; ಅವರ ಕೈಕೆಳಗೆ ಜಾನ್ ಮರ್ರೆ, ಮೋಸ್ಲಿ, ಜರ್ಮನಿಯ ತರುಣ ವಿಲ್ಲೆಮೋಸ್ ಸೂಮ್, ರಸಾಯನಶಾಸ್ತ್ರಜ್ಞ ಬುಕಾನನ್, ಚಿತ್ರ ಬರೆಯಲು ವೈಲ್ಡ್. ಕಪ್ತಾನ ಜಾರ್ಜ್ ನೇರ್ಸ್. ನಾವಿಕರೂ ಇತರರೂ ಸೇರಿ ಹಡಗಿನಲ್ಲಿ ಸುಮಾರು 240 ಜನ. 1872ರ ಡಿಸೆಂಬರ್ 21ರಂದು ಪೋರ್ಟ್ಸ್‌ಮತ್ ಬಂದರಿನಿಂದ ಹೊರಟಿತು.

ಈಗ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈ ಹಡಗಿನ ಹೆಸರು ಉಳಿದದ್ದು ಶೌರ್ಯದಿಂದಲ್ಲ, ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ನೂರಾರು ಸಲ ಮಾಡಿದ್ದರಿಂದ.

ಇಂಗ್ಲಿಷರು ಆಳವನ್ನು ಫ್ಯಾದಮ್ ಲೆಕ್ಕದಲ್ಲಿ ಹೇಳುತ್ತಾರೆ. ಅದು ಆರು ಅಡಿ. ಎಂದರೆ ನಮ್ಮ ಊರಿನ ಬಾವಿಯ ಹಗ್ಗ ಅಳೆಯುವಾಗ ಎರಡೂ ಕೈ ಚಾಚಿ ಹಿಡಿಯುವ ಮಾರು. ನಾವೂ ಇಲ್ಲಿ ಮಾರು ಎಂದೇ ಬರೆಯುತ್ತೇವೆ. ಆಳ ನೋಡಬೇಕಾದ ಜಾಗಕ್ಕೆ ಬಂದಾಗ ಹಡಗು ಹಾಯಿಗಳನ್ನು ಸುತ್ತಿಟ್ಟು, ಉಗಿಯ ಬಲದಿಂದ ಗಾಳಿಗೆದುರಾಗಿ ಒಂದೇ ಕಡೆ ನಿಲ್ಲುತ್ತಿತ್ತು. ಹಗ್ಗ ನೆಟ್ಟಗೆ ಇಳಿಯಬೇಕಲ್ಲ! ಹಗ್ಗದ ತುದಿಗೆ ಒಂದು ಕಬ್ಬಿಣದ ನಳಿಗೆ, ನಳಿಗೆಗೆ ಪೋಣಿಸಿದ ಭಾರದ ಗುಂಡುಗಳು, ಒಂದೊಂದೂ ಅರ್ಧ ಕ್ವಿಂಟಲಿನಷ್ಟು. ಹಗ್ಗದ ಮೇಲೆ ಇಷ್ಟಿಷ್ಟು ಮಾರಿಗೆ ಒಂದೊಂದು ಬಣ್ಣದ ಗುರುತು. ಹಗ್ಗ ಬಿಡುತ್ತ ಹೋದಂತೆ ಒಬ್ಬ ಅಧಿಕಾರಿ ಗಡಿಯಾರ ಹಿಡಿದು, ಪ್ರತಿ ನೂರು ಮಾರು ಇಳಿಯಲು ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುತ್ತಿದ್ದ. ಆಳ ಹೆಚ್ಚಿದಂತೆ ನೀರು ಹಗ್ಗವನ್ನು ತಡೆಯುವುದರಿಂದ ಈ ಹೊತ್ತು ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಒಮ್ಮೆಗೇ ಬಹಳ ಏರಿತೋ, ಗುಂಡು ತಳ ಮುಟ್ಟಿತೆಂದು ಅರ್ಥ. ಎರಡು ಮೂರು ಮೈಲಿ ಕೆಳಗಿನ ಗುಂಡು ನೆಲ ಮುಟ್ಟಿದ್ದು ಮೇಲಿದ್ದವನ ಕೈಗೆ ತಿಳಿಯುವುದಿಲ್ಲ. ಹಗ್ಗದ ಭಾರವೇ ಅಷ್ಟಿರುತ್ತದೆ. ಅದು ತಿಳಿಯುತ್ತಿದ್ದುದು ಬರೆದುಕೊಂಡ ಅಂಕಿಗಳಿಂದ.

ತಳ ಮುಟ್ಟಿದೊಡನೆ ಗುಂಡುಗಳು ಕಳಚಿಕೊಂಡು ಅಲ್ಲೇ ಉಳಿಯುತ್ತಿದ್ದುವು. ನಳಿಗೆ ಮಾತ್ರ ತನ್ನ ಬಾಯಿಗೆ ಹೊಕ್ಕ ಕೆಸರಿನೊಡನೆ ಮೇಲೆ ಬರುತ್ತಿತ್ತು. ಹಗ್ಗ ಎಳೆಯಲು ಒಂದು ಚಿಕ್ಕ ಉಗಿಯಂತ್ರವಿತ್ತು. ಇದಾದ ಮೇಲೆ ತಳದ ನೀರನ್ನು ತುಂಬಿ ತರುವ ಸೀಸೆ. ಆಮೇಲೆ ಹಗ್ಗದ ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಕಟ್ಟಿದ ಥರ್ಮಾಮೀಟರುಗಳು. ಒಂದೊಂದೂ ತಾನು ಕಂಡ ಅತಿ ಕಡಿಮೆ ಉಷ್ಣತೆಯನ್ನು ಗುರುತಿಟ್ಟುಕೊಂಡು ಬರುತ್ತಿತ್ತು. ಆಳದ ನೀರಿನ ಒತ್ತಡಕ್ಕೆ ಗಾಜು ಕುಗ್ಗಿ ಸುಳ್ಳು ಲೆಕ್ಕ ತೋರಿಸಬಾರದೆಂದು ಅವುಗಳ ಬುರುಡೆಯ ಮೇಲೆ ಇನ್ನೊಂದು ಬುರುಡೆಯ ಕವಚವಿತ್ತು. ಕೊನೆಗೆ, ಕಬ್ಬಿಣದ ಚೌಕಟ್ಟಿಗೆ ಬಲೆ ಕಟ್ಟಿದ ಡ್ರೆಜ್ ಎಂಬ ಸಾಧನವನ್ನು ಇಳಿಸಿ ತಳದ ಮೇಲೆ ಗಂಟೆಗಟ್ಟಲೆ ಎಳೆದು, ಸಿಕ್ಕಿದ್ದನ್ನೆಲ್ಲ ಮೇಲೆ ತರುವುದು. ಬೆಳಿಗ್ಗೆ ತೊಡಗಿದರೆ ಸಾಯಂಕಾಲದವರೆಗೆ ಒಂದೇ ಜಾಗದ ಕೆಲಸ. ಅಂಥ ಜಾಗಕ್ಕೆ ಅವರು ಸ್ಟೇಶನ್ ಎಂದರು. ನೆಲದ ಗುರುತಿಲ್ಲದ ನಡುನೀರಿನಲ್ಲಿ, ಅಕ್ಷಾಂಶ ರೇಖಾಂಶಗಳೇ ವಿಳಾಸವಾಗಿದ್ದ ಸ್ಟೇಶನ್ನುಗಳು. ಮೂರೂವರೆ ವರ್ಷಗಳಲ್ಲಿ 362 ಸ್ಟೇಶನ್ನುಗಳಾದುವು. ದಾಟಿದ ದೂರ 68,890 ಸಮುದ್ರ ಮೈಲಿ.

ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಕೇಳಿದೊಡನೆ ಒಂದು ಪ್ರಶ್ನೆ ಏಳದಿರದು: ಹಗ್ಗ ಎಳೆದವರು ಏನೆನ್ನುತ್ತಿದ್ದರು? ಮೊದಮೊದಲು ಡ್ರೆಜ್ ಮೇಲೆ ಬರುವಾಗ ಹಡಗಿನ ಸಮಸ್ತರೂ ಬಂದು ಮುತ್ತುತ್ತಿದ್ದರಂತೆ. ಏನು ವಿಚಿತ್ರ ಬರುವುದೋ ಎಂಬ ಕುತೂಹಲ. ಬರುಬರುತ್ತ ಗುಂಪು ಕರಗಿತು. ಊಟದ ಹೊತ್ತಿಗೆ ಬಲೆ ಮೇಲೆ ಬಂದರಂತೂ ಪಂಡಿತರನ್ನು ಬಿಟ್ಟರೆ ಯಾರೂ ತಲೆಯೆತ್ತುತ್ತಿರಲಿಲ್ಲ. ನಾವಿಕರು ‘ಡ್ರೆಜಿಂಗ್’ ಎಂಬ ಮಾತನ್ನೇ ಸ್ವಲ್ಪ ತಿರುಚಿ, ಕತ್ತೆಚಾಕರಿ ಎಂಬರ್ಥ ಬರುವಂತೆ ‘ಡ್ರಜಿಂಗ್’ ಎಂದು ಕರೆಯತೊಡಗಿದರು. ಅಧಿಕಾರಿಗಳ ಕೋಣೆಯಲ್ಲಿ ಸಾಕಿದ್ದ ಗಿಣಿ ಕೂಡ, ಎರಡು ಸಾವಿರ ಮಾರು ಬಿಟ್ಟರೂ ತಳ ಸಿಕ್ಕಲಿಲ್ಲವೆಂಬ ಗೊಣಗಾಟವನ್ನು ಕಲಿತುಬಿಟ್ಟಿತ್ತು!

ನಗುವುದಕ್ಕೆ ಇಷ್ಟು. ನಗಲಾಗದ್ದೂ ಇದೆ. 1873ರಲ್ಲಿ, ಪ್ರಯಾಣದ ಮೊದಲ ತಿಂಗಳುಗಳಲ್ಲೇ, ಡ್ರೆಜ್ ಎಳೆಯುವಾಗ ಹಗ್ಗದ ಬಿಗಿತಕ್ಕೆ ರಾಟೆಯ ಕಬ್ಬಿಣ ಕಿತ್ತುಬಂದು, ವಿಲಿಯಂ ಸ್ಟೋಕ್ಸ್ ಎಂಬ ಹುಡುಗನಿಗೆ ಬಡಿಯಿತು, ಹುಡುಗ ಉಳಿಯಲಿಲ್ಲ. ವಿಲ್ಲೆಮೋಸ್ ಸೂಮ್ 1875ರಲ್ಲಿ ಶಾಂತಸಾಗರದ ನಡುವೆ ಚರ್ಮದ ಸೋಂಕಿನಿಂದ ತೀರಿಕೊಂಡರು. ಕೆಲಸದ ಬೇಸರ, ಕಡಿಮೆ ಸಂಬಳ, ಬಂದರಿನ ಆಸೆ ಎಲ್ಲ ಸೇರಿ, ದಕ್ಷಿಣ ಆಫ್ರಿಕ ಆಸ್ಟ್ರೇಲಿಯಗಳಂಥ ಕಡೆ ನಾವಿಕರು ಇಳಿದವರು ಹಿಂದಿರುಗಲೇ ಇಲ್ಲ. ಹೀಗೆ ಪರಾರಿಯಾದವರು ಅರುವತ್ತರಷ್ಟು. ಅವರನ್ನು ಬಯ್ಯಲು ನಮಗೇನೋ ಮನಸ್ಸು ಬಾರದು. ಹೊರಟವರಲ್ಲಿ ಕೊನೆಯವರೆಗೆ ಹಡಗಿನಲ್ಲಿದ್ದವರು 144 ಜನ ಮಾತ್ರ.

ಈ ಜನರ ಬಾಳು ಹೇಗಿತ್ತೆಂಬುದು ನಮಗೆ ತಿಳಿದುಬಂದದ್ದು ಒಬ್ಬ ಗುಮಾಸ್ತನಿಂದ. ಜೋಸೆಫ್ ಮಾಟ್ಕಿನ್ ಎಂಬ ಹತ್ತೊಂಬತ್ತರ ತರುಣ ಹಡಗಿನ ಉಗ್ರಾಣದಲ್ಲಿ ಸಹಾಯಕನಾಗಿದ್ದ. ಅಕ್ಕಿ, ಒಣಮಾಂಸ, ಸಕ್ಕರೆ, ರಮ್ ಇವುಗಳ ತೂಕ ಕೊಡುವುದೂ ಲೆಕ್ಕವಿಡುವುದೂ ಅವನ ಕೆಲಸ. ತಂದೆ ಮುದ್ರಣದ ಕಸುಬಿನವರಾದ್ದರಿಂದಲೋ ಏನೋ, ಹುಡುಗನಿಗೆ ಬರೆಯುವ ಗೀಳಿತ್ತು. ತಾಯಿಗೂ ಬಂಧುಗಳಿಗೂ ಅವನು ಬರೆದ ಪತ್ರಗಳನ್ನು ಮನೆಯವರು ಜೋಪಾನ ಮಾಡಿದ್ದರು. ಅವು ಪುಸ್ತಕವಾಗಿ ಅಚ್ಚಾದದ್ದು 1992ರಲ್ಲಿ! ಪಂಡಿತರು ಬರೆದ ಗ್ರಂಥಗಳಲ್ಲಿ ಕಡಲಿನ ಸೌತೆ, ನಕ್ಷತ್ರಮೀನುಗಳಿವೆ. ಊಟದ ರುಚಿ, ಚಳಿ, ಸತ್ತ ಹುಡುಗನ ಶವವನ್ನು ನೀರಿಗಿಳಿಸಿದ ದಿನ, ಇವೆಲ್ಲ ಬೇಕಾದರೆ ಉಗ್ರಾಣದ ಗುಮಾಸ್ತನ ಪತ್ರಗಳನ್ನು ನೋಡಬೇಕು. ಊರಿಗೆ ಪತ್ರ ಬರೆಯುವುದನ್ನು ಈಗೀಗ ಬಿಟ್ಟೇಬಿಟ್ಟಿರುವ ನಮ್ಮ ಗೆಳೆಯರು ಇದನ್ನು ಗಮನಿಸಬೇಕು.

ಹಡಗು ಹೋದ ದಾರಿಯನ್ನು ಬೇಗ ಹೇಳಿಬಿಡುತ್ತೇವೆ. ಅಟ್ಲಾಂಟಿಕ್ ಸಾಗರವನ್ನು ಹಲವು ಸಲ ಅಡ್ಡಹಾಯ್ದು, ಕೇಪ್‌ಟೌನ್ ದಾಟಿ, ಹಿಂದೂ ಮಹಾಸಾಗರದ ತೀರ ದಕ್ಷಿಣದ ಅಂಚಿನಲ್ಲಿ ಸಾಗಿ, 1874ರ ಫೆಬ್ರವರಿಯಲ್ಲಿ ಮಂಜಿನ ಗುಡ್ಡಗಳ ನಡುವೆ ದಕ್ಷಿಣ ಧ್ರುವವೃತ್ತವನ್ನು ದಾಟಿತು. ಉಗಿಹಡಗು ಅಲ್ಲಿಗೆ ಹೋದದ್ದು ಅದೇ ಮೊದಲು. ಅಲ್ಲಿಂದ ಮೆಲ್ಬೋರ್ನ್, ಹಾಂಗ್‌ಕಾಂಗ್, ಜಪಾನ್, ಹವಾಯಿ, ತಾಹಿತಿ, ದಕ್ಷಿಣ ಅಮೆರಿಕದ ತುದಿ; 1876ರ ಮೇ 24ರಂದು ಇಂಗ್ಲೆಂಡ್. ನಮ್ಮ ಅರಬೀ ಸಮುದ್ರದ ಕಡೆ ಅದು ಬರಲೇ ಇಲ್ಲ. ಕಾರವಾರ, ಮಂಗಳೂರುಗಳ ಕರಾವಳಿಯ ನೀರಿನ ಲೆಕ್ಕ ಅದರ ಪುಸ್ತಕಗಳಲ್ಲಿಲ್ಲ.

ದಾರಿಯಲ್ಲಿ ನಡೆದುದರಲ್ಲಿ ಒಂದು ದಿನವನ್ನಾದರೂ ನಿಂತು ನೋಡಬೇಕು. 1875ರ ಮಾರ್ಚ್ 23. ಶಾಂತಸಾಗರದ ಪಶ್ಚಿಮದಲ್ಲಿ, ಗುವಾಮ್ ದ್ವೀಪದ ಸಮೀಪ, 225ನೆಯ ಸ್ಟೇಶನ್. ಹಗ್ಗ ಬಿಡುತ್ತಿದ್ದಾರೆ, ಬಿಡುತ್ತಿದ್ದಾರೆ, ತಳವೇ ಸಿಗುವುದಿಲ್ಲ. ಮೊದಲನೆಯ ಅಳತೆಯ ಮೇಲೆ ಸಂಶಯ ಬಂದು, ಇನ್ನಷ್ಟು ಭಾರ ಕಟ್ಟಿ ಎರಡನೆಯ ಸಲ ಇಳಿಸಿದರು. ಗುಂಡು ಇಳಿಯಲು ಹಿಡಿದದ್ದು ಸುಮಾರು ಒಂದು ಗಂಟೆ. ಸಿಕ್ಕಿದ ಆಳ 4,475 ಮಾರು, ಎಂದರೆ 8,184 ಮೀಟರ್. ಪರೇಲಿನಿಂದ ವಿ.ಟಿ. ಸ್ಟೇಶನ್ನಿಗೆ ಹೋಗುವ ದೂರವನ್ನು ನೆಟ್ಟಗೆ ಕೆಳಗೆ ಇಳಿಸಿದರೆ ಎಷ್ಟೋ ಸುಮಾರಾಗಿ ಅಷ್ಟು. ಅಲ್ಲಿಯ ನೀರಿನ ಒತ್ತಡಕ್ಕೆ ಕವಚವಿದ್ದ ಥರ್ಮಾಮೀಟರುಗಳೂ ಕೆಲವು ಪುಡಿಯಾಗಿ ಬಂದುವು. ಸಂಶಯ ಬಂದಾಗ ಮತ್ತೊಮ್ಮೆ ಅಳೆದರಲ್ಲ, ಅದು ನಮಗೆ ಆಳಕ್ಕಿಂತ ದೊಡ್ಡದಾಗಿ ಕಂಡಿತು. ದಿನದ ಕೊನೆಗೆ ಮೊತ್ತ ಕೂಡಿಬಾರದಿದ್ದಾಗ ಅಂಕಿಯನ್ನು ತುಸು ಒತ್ತಿ ಸರಿಮಾಡಿಬಿಡುವ ಆಸೆ ಎಂಥದೆಂದು ಮೇಜಿನ ಮುಂದೆ ಕೂರುವ ನಮಗೆಲ್ಲ ಗೊತ್ತು. 1951ರಲ್ಲಿ ಇದೇ ಹೆಸರಿನ ಇನ್ನೊಂದು ಸರಕಾರೀ ಹಡಗು ಅದೇ ಕಡಲಿನಲ್ಲಿ, ಹಗ್ಗದ ಬದಲು ಶಬ್ದದ ಪ್ರತಿಧ್ವನಿಯಿಂದ ಅಳೆದು, ಸುಮಾರು 10,900 ಮೀಟರ್ ಆಳದ ಕಮರಿಯನ್ನು ಕಂಡಿತು. ಭೂಮಿಯ ಮೇಲೆ ಅದಕ್ಕಿಂತ ಆಳದ ಜಾಗ ಇಲ್ಲ. ಚಾಲೆಂಜರ್ ಕಮರಿ ಎಂದೇ ಅದರ ಹೆಸರು.

ಇಷ್ಟೆಲ್ಲ ಮಾಡಿ ತಿಳಿದದ್ದೇನು? ಮೊದಲನೆಯದಾಗಿ, ಆಳದಲ್ಲಿ ಜೀವವಿಲ್ಲವೆಂಬ ಮಾತು ಸತ್ತುಹೋಯಿತು. ಎಲ್ಲಿ ಬಲೆ ಎಳೆದರೂ ಏನಾದರೊಂದು ಪ್ರಾಣಿ ಸಿಕ್ಕಿತು. ಅದುವರೆಗೆ ಯಾರೂ ಕಾಣದಿದ್ದ ಜಾತಿಗಳೇ ಸುಮಾರು 4,700. ತಳದಲ್ಲಿ ಹರಡಿರುವ ಬೂದಿಯಂಥ ಕೆಸರು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು. ಆ ಜೀವಿಗಳು ಬದುಕುವುದು ಮೇಲುನೀರಿನಲ್ಲಿ. ಸತ್ತ ಮೇಲೆ ಚಿಪ್ಪುಗಳು ಹಗಲಿರುಳೂ ತುಂತುರುಮಳೆಯಂತೆ ಕೆಳಗಿಳಿದು ತಳ ಸೇರುತ್ತವೆ. ಇದನ್ನು ಮರ್ರೆಯವರು ಮೇಲುನೀರನ್ನೂ ತಳದ ಕೆಸರನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿಕೊಟ್ಟರು.

ತಪ್ಪೊಂದನ್ನು ಹಿಡಿದ ಕಥೆಯೂ ಇದರಲ್ಲಿದೆ. ಸಮುದ್ರತಳದ ಕೆಸರಿನಲ್ಲಿ ಜೀವದ ಮೂಲರೂಪವೇ ಲೋಳೆಯಾಗಿ ಹರಡಿದೆ ಎಂದು ಹಕ್ಸ್‌ಲಿ ಎಂಬ ಮಹಾಪಂಡಿತರು 1868ರಲ್ಲಿ ಸಾರಿ, ಅದಕ್ಕೆ ‘ಬಾಥಿಬಿಯಸ್’ ಎಂದು ನಾಮಕರಣವನ್ನೂ ಮಾಡಿದ್ದರು. ಚಾಲೆಂಜರಿನವರು ಹುಡುಕಿದರು, ತಾಜಾ ಕೆಸರಿನಲ್ಲಿ ಅದು ಕಾಣಲೇ ಇಲ್ಲ. ಕಡೆಗೆ ಬುಕಾನನ್ ಗುಟ್ಟು ಬಿಡಿಸಿದರು: ಕೆಸರು ಕೆಡದಿರಲೆಂದು ಸೀಸೆಗೆ ಮದ್ಯಸಾರ ಹಾಕಿದಾಗ ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶ ಲೋಳೆಯಂತೆ ಗರಣೆಗಟ್ಟುತ್ತದೆ, ಅಷ್ಟೇ. ಹಕ್ಸ್‌ಲಿಯವರು ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇಂದಿಗೂ ಇಂಥ ದೊಡ್ಡತನ ಹೆಚ್ಚು ಕಡೆ ಕಾಣಸಿಗದು.

ಆಯ್ದ 77 ಸೀಸೆ ನೀರನ್ನು ಗ್ಲಾಸ್ಗೋ ನಗರದ ಡಿಟ್‌ಮಾರ್ ಎಂಬವರು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದು ಕಡೆ ಉಪ್ಪು ಹೆಚ್ಚಿರಬಹುದು, ಇನ್ನೊಂದು ಕಡೆ ಕಡಿಮೆ. ಆದರೆ ಆ ಉಪ್ಪಿನೊಳಗಿನ ಮುಖ್ಯ ಪದಾರ್ಥಗಳ ಪ್ರಮಾಣ ಎಲ್ಲ ಸಾಗರಗಳಲ್ಲೂ ಒಂದೇ. ಸಾರಿಗೆ ನೀರು ಹೆಚ್ಚಾದರೂ ಕಡಿಮೆಯಾದರೂ ಸಾರಿನ ಪುಡಿಯ ಹದ ಒಂದೇ ಇರುವ ಹಾಗೆ ಎಂದರೆ ಮನೆಯಲ್ಲಿ ಹೆಂಗಸರಿಗೂ ಕೋಣೆಯಲ್ಲಿ ಅಡಿಗೆ ಮಾಡಿಕೊಳ್ಳುವ ಗಂಡಸರಿಗೂ ತಿಳಿಯುತ್ತದೆ.

1873ರ ಫೆಬ್ರವರಿಯಲ್ಲಿ, ಕ್ಯಾನರಿ ದ್ವೀಪಗಳಿಂದ ಮುಂದೆ ಹೋದಾಗ, ಬಲೆಯಲ್ಲಿ ಆಲೂಗಡ್ಡೆಯಂಥ ಕರಿಯ ಗಡ್ಡೆಗಳು ಬಂದುವು. ಮ್ಯಾಂಗನೀಸ್ ಲೋಹದ ಗಡ್ಡೆಗಳು. ಕೆಲವನ್ನು ಒಡೆದು ನೋಡಿದರೆ ನಡುವೆ ಶಾರ್ಕ್ ಮೀನಿನ ಹಲ್ಲು! ಅದರ ಸುತ್ತ ಲೋಹವು ಲಕ್ಷಾಂತರ ವರ್ಷ ಪದರುಪದರಾಗಿ ಕಟ್ಟಿಕೊಂಡದ್ದು. ಆಗ ಅದು ಬರಿಯ ಕೌತುಕದ ವಸ್ತು. ನೂರೆಂಟು ವರ್ಷಗಳ ಮೇಲೆ, 1981ರ ಜನವರಿ 26ರಂದು, ನಮ್ಮ ದೇಶದ ‘ಗವೇಷಣಿ’ ಹಡಗು ಹಿಂದೂ ಮಹಾಸಾಗರದ ತಳದಿಂದ ಇಂಥವೇ ಗಡ್ಡೆಗಳನ್ನು ಎತ್ತಿತು. ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಗೆ ಸೇರಿದ್ದ ಆ ಹಡಗು ಕಲ್ಕತ್ತೆಯಲ್ಲಿ ಸಿದ್ಧವಾಗಿ 1976ರಲ್ಲಿ ಕೆಲಸಕ್ಕಿಳಿದದ್ದು. ನಮ್ಮ ದೇಶದ ಮೊದಲನೆಯ ಸಾಗರ ಸಂಶೋಧನ ಹಡಗು. ಅದೂ 1994ರಲ್ಲಿ ನಿವೃತ್ತವಾಯಿತು. ಆ ಗಡ್ಡೆಗಳ ಆಧಾರದ ಮೇಲೆ 1987ರಲ್ಲಿ ಭಾರತಕ್ಕೆ ಹಿಂದೂ ಮಹಾಸಾಗರದ ನಡುವೆ ಒಂದೂವರೆ ಲಕ್ಷ ಚದರ ಕಿಲೋಮೀಟರ್ ತಳವನ್ನು ಪರಿಶೋಧಿಸುವ ಹಕ್ಕು ಬಂತು. ಹೀಗೆ ಬೇರೆ ದೇಶದ ಹಡಗಿನ ಹಳೆಯ ಪುಸ್ತಕದ ಒಂದು ಸಾಲು ನಮ್ಮ ದೇಶದ ಹೊಸ ಪುಸ್ತಕಕ್ಕೆ ಮುಂದುವರಿಯಿತು.

ಹಡಗು ಊರಿಗೆ ಮರಳಿದ ಮೇಲೆ ಕೆಲಸ ಮುಗಿಯಲಿಲ್ಲ, ಹೆಚ್ಚಿತು. ತಂದದ್ದನ್ನೆಲ್ಲ ವಿಂಗಡಿಸಿ ಬರೆಯಲು ಎಡಿನ್‌ಬರೋದಲ್ಲಿ ಒಂದು ಕಚೇರಿಯನ್ನೇ ತೆರೆಯಬೇಕಾಯಿತು. ಖಜಾನೆಯವರು ಖರ್ಚು ಹೆಚ್ಚಾಯಿತು, ಬೇಗ ಮುಗಿಸಿ ಎಂದು ಕಾಡತೊಡಗಿದರು. ಆ ಜಗ್ಗಾಟದಲ್ಲಿ ಬಳಲಿದ ವೈವಿಲ್ ಥಾಮ್ಸನ್ 1882ರಲ್ಲಿ ತೀರಿಕೊಂಡರು. ಮರ್ರೆಯವರು ಭಾರ ಹೊತ್ತು 1895ರವರೆಗೆ ದುಡಿದು, 50 ಸಂಪುಟಗಳನ್ನು ಪೂರೈಸಿದರು. ಮೂರೂವರೆ ವರ್ಷದ ಪ್ರಯಾಣಕ್ಕೆ ಹತ್ತೊಂಬತ್ತು ವರ್ಷದ ದಫ್ತರ!

ಖಜಾನೆಯ ಮಾತು ಬಂದಿತಲ್ಲ, ಅದರ ಮುಂದಿನ ಲೆಕ್ಕವನ್ನೂ ಹೇಳುತ್ತೇವೆ. ಹಿಂದೂ ಮಹಾಸಾಗರದಲ್ಲಿ, ಜಾವಾದ ದಕ್ಷಿಣಕ್ಕೆ, ಕ್ರಿಸ್‌ಮಸ್ ದ್ವೀಪವೆಂಬುದೊಂದಿದೆ. ಬೇರೆ ಹಡಗಿನವರು ಅಲ್ಲಿಂದ ತಂದ ಕಲ್ಲುಗಳನ್ನು ಮರ್ರೆಯವರು, ಚಾಲೆಂಜರಿನ ಕೆಲಸದಿಂದ ಪಳಗಿದ ಕಣ್ಣಿನಿಂದ ನೋಡಿ, ಅದು ಉತ್ತಮ ಫಾಸ್ಫೇಟ್ ಎಂದು ಗುರುತಿಸಿದರು. ಹೊಲಕ್ಕೆ ಗೊಬ್ಬರವಾಗುವ ಕಲ್ಲು. 1888ರಲ್ಲಿ ಇಂಗ್ಲೆಂಡ್ ಆ ದ್ವೀಪವನ್ನು ತನ್ನದೆಂದು ಸಾರಿತು, ಗಣಿ ತೆರೆಯಿತು. ಅದರಿಂದ ಸರಕಾರಕ್ಕೆ ಬಂದ ಹಣ ಚಾಲೆಂಜರ್ ಯಾತ್ರೆಯ ಒಟ್ಟು ಖರ್ಚನ್ನೂ ಮೀರಿತೆಂದು ಮರ್ರೆಯವರು ಮುಂದೆ ಲೆಕ್ಕ ಹಾಕಿ ತೋರಿಸಿದರು. ಇದನ್ನು ಓದಿದಾಗ ನಮಗೂ ಸಂತೋಷವಾಗಿತ್ತು. ಆಮೇಲೆ ತಿಳಿಯಿತು, ಆ ಗಣಿಗಳಲ್ಲಿ ದುಡಿಯಲು ಕರಾರಿನ ಮೇಲೆ ತಂದಿದ್ದ ಚೀನೀ ಕೂಲಿಗಳಲ್ಲಿ ನೂರಾರು ಜನ 1900ರಿಂದ 1904ರ ಒಳಗೆ ಬೆರಿಬೆರಿ ರೋಗದಿಂದ ಸತ್ತರೆಂದು. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು, ಬೇರೆ ಸಾರವಿಲ್ಲದೆ ಬರುವ ರೋಗವದು. ಜಮಾ ಬದಿಯಲ್ಲಿ ಹಣ ಬರೆದವರು ಈ ಖರ್ಚನ್ನು ಯಾವ ಕಾಲಮಿನಲ್ಲೂ ಬರೆಯಲಿಲ್ಲ.

ಇನ್ನು ಹಡಗಿನ ಗತಿ. ಯಾತ್ರೆಯ ನಂತರ ಹಾರ್ವಿಚ್ ಬಂದರಿನಲ್ಲಿ ಕರಾವಳಿ ಕಾವಲಿನವರಿಗೂ ಮೀಸಲು ನಾವಿಕರಿಗೂ ತರಬೇತಿ ಕೊಡಲು ಅದನ್ನು ನಿಲ್ಲಿಸಿದರು. ಎರಡು ವರ್ಷಗಳಲ್ಲಿ ಅದಕ್ಕೂ ಸಾಲದೆಂದು ಬದಿಗಿಟ್ಟರು. 1883ರಲ್ಲಿ ಪಟಸ್ತಂಭ, ಸರಂಜಾಮುಗಳನ್ನು ಕಳಚಿ, ಮೆಡ್ವೇ ನದಿಯಲ್ಲಿ ಹೊಸ ನಾವಿಕರು ತಾತ್ಕಾಲಿಕವಾಗಿ ತಂಗುವ ತೇಲುಚಾಳನ್ನಾಗಿ ಮಾಡಿದರು. ಲೋಕದ ಸಾಗರಗಳನ್ನೆಲ್ಲ ಸುತ್ತಿದ ಹಡಗು ಒಂದೇ ನದಿಯ ಕೆಸರಿನಲ್ಲಿ ಮೂವತ್ತೆಂಟು ವರ್ಷ ಕದಲದೆ ನಿಂತಿತ್ತು. 1921ರ ಜನವರಿ 6ರಂದು ಮಾರಿದರು. ಕೊಂಡವರು ಒಡೆದದ್ದು ಮುಖ್ಯವಾಗಿ ತಳಕ್ಕೆ ಹೊದಿಸಿದ್ದ ತಾಮ್ರದ ತಗಡಿಗಾಗಿ. ಹಡಗಿನ ಮೂಗಿನ ಮೇಲಿದ್ದ, ಕವಚ ತೊಟ್ಟ ಯೋಧನ ಮರದ ಬೊಂಬೆಯೊಂದು ಹೇಗೋ ಉಳಿದುಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ದಾರೂಖಾನೆಯ ಗೆಳೆಯರಿಗೆ ನಾವು ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಆದರೆ 2012ರಲ್ಲಿ ಅಮೆರಿಕದ ಡೀನ್ ರೆಮಿಕ್, ಇಂಗ್ಲೆಂಡಿನ ಜಾನ್ ಗೌಲ್ಡ್ ಮತ್ತು ಅವರ ಜತೆಗಾರರು ಚಾಲೆಂಜರಿನ ಹಳೆಯ ಥರ್ಮಾಮೀಟರ್ ಪಟ್ಟಿಗಳನ್ನು ಹೊರತೆಗೆದರು. ಈಚಿನ ವರ್ಷಗಳಲ್ಲಿ ಲೋಕದ ಸಾಗರಗಳಲ್ಲಿ ‘ಆರ್ಗೋ’ ಎಂಬ ತೇಲುಯಂತ್ರಗಳನ್ನು ಬಿಟ್ಟಿದ್ದಾರೆ. ಮನುಷ್ಯನೆತ್ತರದ ಕೊಳವೆ, ಹತ್ತು ದಿನಕ್ಕೊಮ್ಮೆ ತಾನೇ 2,000 ಮೀಟರ್ ಮುಳುಗಿ, ಮೇಲೇಳುವಾಗ ಉಷ್ಣತೆ, ಉಪ್ಪು ಅಳೆದು, ಉಪಗ್ರಹದ ಮೂಲಕ ವರದಿ ಕಳಿಸುತ್ತದೆ. ಅಂಥವು ನಾಲ್ಕು ಸಾವಿರದಷ್ಟಿವೆ. ಹಿಂದೂ ಮಹಾಸಾಗರದವುಗಳ ಲೆಕ್ಕ ನೋಡಿಕೊಳ್ಳುವ ಸಂಸ್ಥೆ ಹೈದರಾಬಾದಿನಲ್ಲಿದೆ. ಚಾಲೆಂಜರ್ ನಿಂತಿದ್ದ ಸ್ಟೇಶನ್ನುಗಳಲ್ಲಿ ನೀರು ಆಗ ಎಷ್ಟು ತಣ್ಣಗಿತ್ತು, ಈಗ ಎಷ್ಟಿದೆ ಎಂದು ಈ ಎರಡು ಲೆಕ್ಕಗಳನ್ನು ಅವರು ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರು.

ತಾಳೆ ನೋಡುವುದು ಸುಲಭವಿರಲಿಲ್ಲ. ಒತ್ತಡದಿಂದ ಥರ್ಮಾಮೀಟರು ಎಷ್ಟು ತಪ್ಪು ತೋರಿಸಿರಬಹುದು? ಹಗ್ಗ ಓರೆಯಾಗಿದ್ದರೆ ಬರೆದ ಆಳಕ್ಕಿಂತ ನಿಜವಾದ ಆಳ ಎಷ್ಟು ಕಡಿಮೆ? ಅದೃಷ್ಟಕ್ಕೆ, ಒತ್ತಡದ ತಪ್ಪನ್ನು ಯಾತ್ರೆಯ ನಂತರ ಟೇಟ್ ಎಂಬ ಪ್ರಾಧ್ಯಾಪಕರು ಅದೇ ಉಪಕರಣಗಳನ್ನು ಒತ್ತಿ ಪರೀಕ್ಷಿಸಿ ಬರೆದಿಟ್ಟಿದ್ದರು. ಎಲ್ಲವನ್ನೂ ಕಳೆದು ಕೂಡಿದ ಮೇಲೆ ಸಿಕ್ಕಿದ ಉತ್ತರ: 135 ವರ್ಷಗಳಲ್ಲಿ ಸಾಗರದ ಮೇಲುನೀರು ಸರಾಸರಿ 0.59 ಡಿಗ್ರಿ ಬಿಸಿಯಾಗಿದೆ, 200 ಮಾರು ಆಳದಲ್ಲಿ 0.39, 500 ಮಾರು ಆಳದಲ್ಲಿ 0.12. ಕೇಳಲು ಅಲ್ಪ. ಆದರೆ ಒಂದು ಚೆಂಬು ನೀರು ಕಾಯಿಸಲು ಎಷ್ಟು ಸೌದೆ ಬೇಕೆಂದು ತಿಳಿದವರು ಇಡೀ ಸಾಗರಗಳಿಗೆ ಆ ಲೆಕ್ಕವನ್ನು ಹಚ್ಚಿ ನೋಡಬಹುದು. ಭೂಮಿ ಕಾಯುವುದು ಇತ್ತೀಚೆಗೆ ತೊಡಗಿದ್ದಲ್ಲ, ನೂರು ವರ್ಷಕ್ಕೂ ಹಿಂದಿನಿಂದ ನಡೆದಿದೆ ಎಂದು ಹೇಳಲು ಆ ಕಾಲದ ಆಳನೀರಿನ ಇಷ್ಟು ವಿಸ್ತಾರವಾದ ಬೇರೆ ದಾಖಲೆಯಿಲ್ಲ. 1873ರಲ್ಲಿ ಥರ್ಮಾಮೀಟರು ನೋಡಿ ಅಂಕಿ ಬರೆದವನಿಗೆ ಈ ಪ್ರಶ್ನೆಯೇ ಗೊತ್ತಿರಲಿಲ್ಲ. ಅವನು ಕಂಡದ್ದನ್ನು ಕಂಡಂತೆ ಬರೆದಿಟ್ಟ, ಅಷ್ಟೆ.

ನಮ್ಮ ವಾಚನಾಲಯದ ಬೀರುವಿನ ಮೇಲೆ ಹಳೆಯ ಹಾಜರಿ ರಿಜಿಸ್ಟರುಗಳ ಕಟ್ಟೊಂದಿದೆ. ಯಾರು ಯಾವ ಊರಿನಿಂದ ಬಂದವರು, ಯಾವ ಗಿರಣಿಯವರು, ಯಾವ ಪುಸ್ತಕ ಕೊಂಡುಹೋದರು ಎಂದು ನಮಗಿಂತ ಹಿಂದಿನವರು ಬರೆದಿಟ್ಟದ್ದು. ಜಾಗವಿಲ್ಲವೆಂದು ಅದನ್ನು ರದ್ದಿಗೆ ಹಾಕಲು ನಾವೇ ಹಗ್ಗ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೆವು. ಈ ಲೇಖನ ಬರೆಯುತ್ತಿದ್ದಾಗ ಎದ್ದುಹೋಗಿ ಮತ್ತೆ ಮೇಲೆ ಎತ್ತಿಟ್ಟೆವು.

ಮರದ ಯೋಧ ಈಗ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ, ರಾಷ್ಟ್ರೀಯ ಸಮುದ್ರವಿಜ್ಞಾನ ಕೇಂದ್ರದ ಒಳಗೆ ನಿಂತಿದ್ದಾನೆ. ದಾರೂಖಾನೆಯ ಗೆಳೆಯರು ಮುಂದಿನ ಭಾನುವಾರ ಬಂದರೆ ಅವನ ಚಿತ್ರವನ್ನು ತೋರಿಸಲು ಕತ್ತರಿಸಿ ಇಟ್ಟುಕೊಂಡಿದ್ದೇವೆ.